ಮುಳ್ಳುಚಮಚ ಎತ್ತಿಕೊಂಡು ಹೋದ ತಮ್ಮ

ಮೊಮ್ಮಗಳ ಮದುವೆಯ ಹಿಗ್ಗಿನಲ್ಲಿ ನನಗೆ ಮೊದಲು ನೆನಪಾಗುವವನು ಪುಣೆಯ ಇಟಾಲಿಯನ್ ಹೋಟೆಲಿನಲ್ಲಿ ಬಡಿಸುತ್ತಿದ್ದ ಒಬ್ಬ ಪೋರ. ಅವನನ್ನು ನಾನು ತಮ್ಮ ಎಂದೇ ಕರೆಯುತ್ತಿದ್ದೆ. ಬಬಲೇಶ್ವರದಿಂದ ನಾನು ಪುಣೆಗೆ ಹೋದಾಗಲೆಲ್ಲ, ಅಲ್ಲಿ ನರ್ಸ್ ಆಗಿರುವ ಮೊಮ್ಮಗಳು ಆ ಹೋಟೆಲಿಗೇ ಊಟಕ್ಕೆ ಕರೆದೊಯ್ಯುತ್ತಿದ್ದಳು. ಅವನು ನಮ್ಮೂರ ಹತ್ತಿರದ ತಿಕೋಟಾ ಕಡೆಯವನು. ಕರಿ ಕೋಟಿನ ಮೇಲೂ ಟವೆಲನ್ನು ಹೆಗಲಿಗೇ ಹಾಕುತ್ತಿದ್ದ. ತಾಟು ಇಟ್ಟು, ಅಂಚು ಒರೆಸಿ, "ಸಾವಕಾಶ ಆಗ್ಲಿರಿ" ಅನ್ನುತ್ತಿದ್ದ. ಮರಾಠಿ ಮಂದಿಗೂ ಅದೇ ಮಾತು, ಕನ್ನಡದಲ್ಲೇ. ನಾವಿಬ್ಬರೇ ಹೋದಾಗ ನಾನು ಕೈಯಲ್ಲೇ ಉಣ್ಣುವುದನ್ನು ಅವನು ಕಂಡಿದ್ದ.

ಮೊಮ್ಮಗಳು ಮೆಚ್ಚಿದ ಹುಡುಗನನ್ನೂ ವಿಜಯಪುರದಿಂದ ಬಂದ ಅವನ ತಂದೆತಾಯಿಯನ್ನೂ ನಾನು ಮೊದಲು ಕಂಡದ್ದು ಅಲ್ಲೇ. ಪಾಸ್ತಾ ಬಂತು. ಹಿರಿಯಳು ನಾನು, ಮೊದಲ ತುತ್ತು ನನ್ನದಾಗಲಿ ಎಂದು ಎಲ್ಲರೂ ಕಾದರು. ಮುಳ್ಳುಚಮಚ ಹಿಡಿಯಲು ನನಗೆ ಬಾರದು. ಕೈ ಹಾಕಿದರೆ ಮೊಮ್ಮಗಳ ಮರ್ಯಾದೆ ಹೋದೀತೆಂದು ತಾಟು ಮುಟ್ಟದೆ ಕೂತೆ.

ಹುಡುಗನ ತಾಯಿಯ ಮುಖ ಬಾಡಿತು. "ಯಾಕ್ರಿ ಆಯಿ, ತುತ್ತ ಮುಟ್ಟವಲ್ರಿ. ಈ ಸಂಬಂಧ ನಿಮ್ಮ ಮನಸ್ಸಿಗೆ ಬಂದಿಲ್ಲೇನ್ರಿ?"

ಮೊಮ್ಮಗಳ ಕಣ್ಣು ತುಂಬಿತು. ಅಷ್ಟರಲ್ಲಿ ಆ ತಮ್ಮ ಬಿಸಿನೀರಿನ ಬಟ್ಟಲು ತಂದು ನನ್ನ ಮುಂದಿಟ್ಟ. ಆಮೇಲೆ ಎಲ್ಲರ ಮುಳ್ಳುಚಮಚಗಳನ್ನೂ ಎತ್ತಿಕೊಂಡ.

"ಇವನ್ನ ತೊಳಿಯಾಕ ಒಯ್ತೇನ್ರಿ, ತಡ ಆಗ್ತೈತಿ. ಅಲ್ಲೀತನಕ ಕೈಲೇ ನಡೀಲಿ. ಸಾವಕಾಶ ಆಗ್ಲಿರಿ."

ತೊಳೆಯಲು ಎಲ್ಲಿಗೂ ಹೋಗಲಿಲ್ಲ. ಚಮಚಗಳನ್ನು ಬೆನ್ನ ಹಿಂದೆ ಹಿಡಿದು ಬಾಗಿಲ ಹತ್ತಿರ ಗೋಡೆ ನೋಡುತ್ತ ನಿಂತ.

ನಾನು ಕೈ ತೊಳೆದು ಒಂದು ತುತ್ತು ಉಂಡೆ. ಎರಡನೆಯದನ್ನು ಆ ಹುಡುಗನ ಬಾಯಿಗಿಟ್ಟೆ.

"ನಮಗೂ ಒಂದ ತುತ್ತ ಇಡ್ರಿ ಆಯಿ," ಅಂದಳು ಅವನ ತಾಯಿ.