ಸಾಹೇಬರ ಚಾಸಿ ನಂಬರು

ನನ್ನ ಮೊದಲ ಜೀಪಿಗೆ ನಾನು ತೆತ್ತದ್ದು ಬಲಗೈ ಹೆಬ್ಬೆರಳ ಚರ್ಮ. ದುಡ್ಡು ಆಮೇಲಿನ ಮಾತು. ಕೊಪ್ಪದಲ್ಲಿ ಹಳೇ ಜೀಪು ಕೊಡಿಸುವ ದಲ್ಲಾಳಿ ಸಾಹೇಬರು ಮುಂದಿನ ಚಕ್ರದ ಸಂದಿಗೆ ನನ್ನ ಕೈ ತೂರಿಸಿ, ಗಾಡಿಯ ಅಡಿಗಟ್ಟಾದ ಚಾಸಿಯ ಮೇಲಿನ ತುಕ್ಕನ್ನು ಬೆರಳಲ್ಲೇ ಉಜ್ಜಿಸಿದ್ದರು, ಪಂಚ್ ಹೊಡೆದ ಅಂಕಿಗಳು ಒಂದೊಂದಾಗಿ ತಾಗುವವರೆಗೆ. ಬಣ್ಣ ಬಳಿದು ಕಣ್ಣಿಗೆ ಮೋಸ ಮಾಡಬಹುದು, ಬೆರಳಿಗೆ ಆಗುವುದಿಲ್ಲ ಎನ್ನುವುದು ಅವರ ಪಾಠ. ಅವರದೇ ಹೆಬ್ಬೆರಳು ಸವೆದು ಸವೆದು ಹುಣಸೆ ಬೀಜದ ಹಾಗೆ ಹೊಳೆಯುತ್ತಿತ್ತು.

ಆ ಜೀಪಿಗೆ ಆಮೇಲೆ ಕೂರಿಸಿದ ಎಂಜಿನ್ ಬೇರೆ, ಬಾಡಿ ಬೇರೆ, ಗೇರ್‌ಬಾಕ್ಸೂ ಬೇರೆ. ಮತ್ತೆ ಇದು ಅದೇ ಜೀಪು ಹೇಗಾಯಿತು ಎಂದು ಕೆಣಕಿದ್ದೆ, ರೇಟು ಇಳಿಸುವ ಆಸೆಯಿಂದ.

"ನಂಬರು ಅದೇ ಅಲ್ವ ಮಾರಾಯ" ಎಂದರು. "ಮನುಷ್ಯನಲ್ಲೂ ಒಂದು ಹೊಡೆದಿರ್ತದೆ. ಮೇಲಿಂದು ಏನು ಬದಲಾದ್ರೂ ಅದು ಅಳಿಸಿಹೋಗಲ್ಲ."

ಅವರಲ್ಲಿ ಹೊಡೆದಿದ್ದ ನಂಬರು ಯಾವುದೆಂದು ನನಗೆ ಗೊತ್ತಿತ್ತು. ಗಾಡಿಯ ಹುಳುಕು ಮೊದಲು ಹೇಳಿ ರೇಟು ಆಮೇಲೆ ಹೇಳುವ ಮನುಷ್ಯ. ಆಯಿಲ್ ಸೋರುತ್ತದೆ, ಸಿರಿಮನೆ ಏರಿನಲ್ಲಿ ಬಿಸಿಯಾಗುತ್ತದೆ, ಈಗ ಹೇಳು ಬೇಕೋ ಬೇಡವೋ. ಅಂಥವರ ಹತ್ತಿರ ಚೌಕಾಸಿ ಕಷ್ಟ. ನಾವು ಎತ್ತಬೇಕಾದ ತಕರಾರನ್ನೆಲ್ಲ ಅವರೇ ಎತ್ತಿಬಿಟ್ಟಿರುತ್ತಾರೆ. ನೋಡಿ ನೋಡಿ ನಾನೂ ಹಾಗೇ ವ್ಯಾಪಾರ ಕಲಿತೆ, ಕಾಲ ಮೇಲೆ ನಿಂತೆ.

ಹೋದ ವರ್ಷ ಸಾಹೇಬರು ಜಾರಿ ಬಿದ್ದು, ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯಿತು. ನಡೆದುಕೊಂಡೇ ಮನೆಗೆ ಬಂದರು. ಹೆಸರು, ಊರು, ಗಿರಾಕಿಗಳು ಎಲ್ಲ ನೆನಪಿತ್ತು. ಆದರೂ ಅವರ ಹೆಂಡತಿ, ನಾನು ಅಮ್ಮ ಎಂದೇ ಕರೆಯುವವರು, ಒಂದು ದಿನ ಫೋನ್ ಮಾಡಿ ನನ್ನನ್ನು ಕರೆಸಿಕೊಂಡರು. ದನಿ ಏರಿಸದ ಮನುಷ್ಯ ಈಗ ಕುದಿಯುವ ಚಹಾ ಎರಚುತ್ತಾರಂತೆ. ಅಮ್ಮ ತಾವು ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿಕೊಂಡಿದ್ದರು. ನರಸಿಂಹರಾಜಪುರದಲ್ಲಿದ್ದ ಅವರ ತಂಗಿ ಬಾ ಎಂದಿದ್ದಳು. ಕಟ್ಟಿದ ಬ್ಯಾಗು ಬಾಗಿಲ ಪಕ್ಕದಲ್ಲಿತ್ತು.

"ಇವರು ಅವರೇನಾ, ನೀನು ನೋಡಿ ಹೇಳು ಮಗ. ಅಲ್ಲ ಅಂತಾದ್ರೆ ನಾನು ಹೋಗ್ತೇನೆ."

ನನ್ನದೊಂದು ಹಳೇ ಜೀಪನ್ನು ಅಂಗಳಕ್ಕೆ ತಂದೆ, ಕಮ್ಮರಡಿಯ ಗಿರಾಕಿಯೊಬ್ಬನನ್ನೂ ಕರೆತಂದೆ, ನೀವೇ ಮಾರಿಕೊಡಿ ಸಾಹೇಬ್ರೆ ಎಂದೆ. ಸಾಹೇಬರು ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ನಂಬರು ಓದಿದರು. ಒಂದಂಕಿ ತಪ್ಪಲಿಲ್ಲ. ನನಗೆ ಜೀವ ಬಂತು. ಆಮೇಲೆ ಅವರು ನೆಲಕ್ಕೆ ತೊಟ್ಟಿಕ್ಕಿದ್ದ ಆಯಿಲ್ ಮೇಲೆ ಚಪ್ಪಲಿ ಇಟ್ಟು ನಿಂತು, ಹುಳುಕೇ ಇಲ್ಲದ ಗಾಡಿ ಎಂದು ಗಿರಾಕಿಗೆ ಹೇಳಿ, ನನ್ನ ಕಡೆ ಕಣ್ಣು ಹೊಡೆದರು.

ಬೆರಳ ವಿದ್ಯೆ ಅಷ್ಟೂ ಉಳಿದಿದೆ, ನಾನು ನಂಬರು ಎಂದುಕೊಂಡದ್ದೇ ಬಣ್ಣದ ಹಾಗೆ ಎದ್ದುಹೋಗಿದೆ. ಗಿರಾಕಿಗೆ ನಿಜ ಹೇಳಿ ಕಳಿಸಿ ಬಂದೆ. ಸಾಹೇಬರು ನನ್ನ ಮುಂಗೈ ಹಿಡಿದು ಹೆಬ್ಬೆರಳಿಂದ ಉಜ್ಜತೊಡಗಿದರು, ಮೆಲ್ಲಗೆ, ತುಕ್ಕು ತೆಗೆಯುವವರ ಹಾಗೆ.

"ನನ್ನಲ್ಲಿ ಹುಡುಕಿ ಸಾಕಾಯ್ತು" ಎಂದರು. "ನಿನ್ನಲ್ಲೂ ಎಂತದೂ ಹೊಡೆದಿಲ್ಲ ಮಾರಾಯ."

ಎಂಥ ಗಾಡಿಗೂ ನಿಂತಲ್ಲೇ ರೇಟು ಕಟ್ಟುವ ನಾನು ಅಮ್ಮನ ಎದುರು ತಡವರಿಸಿದೆ. ಗೊತ್ತಾಗುತ್ತಿಲ್ಲ ಎಂದೆ. ಅಮ್ಮ ಬ್ಯಾಗನ್ನು ಕೈಗೆತ್ತಿಕೊಂಡರು.

"ಅವರೇ ಆಗಿದ್ರೆ ಬಿಟ್ಟು ಹೋಗೋದು ಹ್ಯಾಗೆ? ಅವರಲ್ಲದಿದ್ರೆ, ಪಾಪ, ಈ ಮನುಷ್ಯನಿಗೆ ಇಲ್ಲಿ ಯಾರೂ ಪರಿಚಯವೇ ಇಲ್ಲ."

ಬ್ಯಾಗು ಒಳಗೆ ಹೋಯಿತು. ಚಿಲಕ ಹಾಗೇ ಇತ್ತು, ಈ ಬೇಸಿಗೆಯಲ್ಲಿ ಸಾಹೇಬರು ತೀರಿಕೊಳ್ಳುವವರೆಗೂ.

ನಾನು ಈಗಲೂ ಹುಳುಕು ಮೊದಲು ಹೇಳುತ್ತೇನೆ. ಅದು ನನ್ನೊಳಗೆ ಹೊಡೆದಿದೆ ಎಂಬ ಧೈರ್ಯ ಮಾತ್ರ ಇಲ್ಲ. ಹೇಳಿ ಮುಗಿಸಿದಾಗೆಲ್ಲ, ಇವತ್ತಿಗೆ ನಾನಾಗಿಯೇ ಉಳಿದುಕೊಂಡೆ ಅನಿಸುತ್ತದೆ.

ನೀವೂ ಒಂದು ಕೆಲಸ ಮಾಡಿ. ನಿಮ್ಮ ತಲೆ ನೆಟ್ಟಗಿರುವಾಗಲೇ ಮನೆಯವರು ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿ. ಯಾಕೆ ಎಂದು ಕೇಳುತ್ತಾರೆ, ಹೇಳಿ. ಹಿತ್ತಾಳೆಯದೇ ಇರಲಿ, ನಮ್ಮ ಕಡೆಯ ಮಳೆಗೆ ಕಬ್ಬಿಣ ಬಾಳುವುದಿಲ್ಲ. ಅಂಗಡಿಯವನು ಮೊದಲು ಹೇಳಿದ ರೇಟು ಕೊಡಬೇಡಿ. ಹಾಕಿದ ಮೇಲೆ ಅವರನ್ನು ಒಳಗೆ ಕಳಿಸಿ, ನೀವು ಹೊರಗೆ ನಿಂತು ಒಮ್ಮೆ ತಳ್ಳಿ ನೋಡಿ. ಪೂರ್ತಿ ಬಲ ಹಾಕಿ.