ಅರ್ಧ ಒರೆಸಿದ ಕಿಟಕಿ

ಮ್ಯಾಂಚೆಸ್ಟರ್‌ನ ಪಿಕಡಿಲಿ ನಿಲ್ದಾಣದ ಗಾಜಿನ ಚಾವಣಿ ಇನ್ನೂ ಕಪ್ಪಗೇ ಇದೆ. ಲೀಡ್ಸ್ ಕಡೆಯಿಂದ ಬಂದ ರೈಲಿನ ಬಾಗಿಲು ತೆರೆಯುತ್ತಲೇ ಜನ ಹೊರಕ್ಕೆ ನುಗ್ಗುತ್ತಾರೆ. ಆ ನುಗ್ಗಲಿಗೆ ಎದುರಾಗಿ, ಮೈಯನ್ನು ಅಡ್ಡ ಮಾಡಿಕೊಂಡು, ಒಬ್ಬರು ಮಾತ್ರ ಒಳಕ್ಕೆ ಹೋಗುತ್ತಿದ್ದಾರೆ. ಮಿರುಗುವ ಕಿತ್ತಳೆ ಜಾಕೆಟ್, ಕೈಯಲ್ಲಿ ಕಸದ ಚೀಲ, ಸೊಂಟದಲ್ಲಿ ಸ್ಪ್ರೇ ಬಾಟಲಿ, ಕಣ್ಣಿನವರೆಗೂ ಎಳೆದ ಟೋಪಿ. "ಸಾರಿ... ಸಾರಿ ಮೇಟ್... ಸಾರಿ ಲವ್..." ಯಾರೋ ಇವರ ಕಾಲು ತುಳಿದು ಹೋಗುತ್ತಾರೆ. ಅದಕ್ಕೂ ಸಾರಿ ಹೇಳುವವರು ಇವರೇ.

ಇವರು ಇಂದುಶೇಖರ ಹೊಂಬಳ. ಹುಬ್ಬಳ್ಳಿಯವರು, ಐವತ್ತರ ಹೊಸ್ತಿಲಲ್ಲಿರುವವರು. ಬಂದ ಗಾಡಿ ತಿರುಗಿ ಹೊರಡುವಷ್ಟರಲ್ಲಿ ಕಸ ಎತ್ತಿ, ಮೇಜು ಒರೆಸಿ, ಶೌಚಾಲಯ ನೋಡಿ, ಕಿಟಕಿಯ ಮೇಲಿನ ಬೆರಳಚ್ಚು ಅಳಿಸಿ ಇಳಿಯಬೇಕು. ಪಾಳಿಯೊಂದಕ್ಕೆ ಇಪ್ಪತ್ತರ ಆಸುಪಾಸು ಗಾಡಿಗಳು. "ಬಾಳೆಹಣ್ಣಿನ ಸಿಪ್ಪಿ ಏನೂ ಮಾಡಂಗಿಲ್ರಿ," ಎನ್ನುತ್ತಾರೆ, ಸೀಟಿನ ಕೆಳಗೆ ಬಗ್ಗಿದವರು ಬಗ್ಗಿದಂತೆಯೇ. "ಅರ್ಧ ಕುಡದು ಬಿಟ್ಟ ಕಾಫಿ ಐತಲ್ಲ, ಅದು ವೈರಿ. ಎತ್ತಿದ್ರ ಚೆಲ್ತೈತಿ, ಬಿಟ್ರ ಬೈಗಳಾ."

ಇವರ ಜೋಡಿ ಕೆಲಸಗಾರ ಕಾಯ್ತಾನ್, ಗೋವಾದ ವಾಸ್ಕೊದವರು. ಹುಬ್ಬಳ್ಳಿಯಲ್ಲಿ ಕೆಲವು ವರ್ಷ ಇದ್ದುದರಿಂದ ಕನ್ನಡ ಬಲ್ಲರು. ಪಕ್ಕದ ಬೋಗಿಯಿಂದಲೇ ಕೂಗುತ್ತಾರೆ: "ಏ ಸಾಹೇಬಾ, ನಿನ್ನ ಗಾಡಿ ಎಷ್ಟೊತ್ತಿಗೆ? ಟೋಪಿ ತೆಗೆದು ಇಡು, ನಾನು ಹಿಡ್ಕೋತೀನಿ!" ಇಂದುಶೇಖರ ಟೋಪಿಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಳ್ಳುತ್ತಾರೆ.

ಕಾಯ್ತಾನ್ ಕೇಳುತ್ತಿರುವುದು ಸ್ಟಾಕ್‌ಪೋರ್ಟ್ ಮೇಲೆ ಬರುವ ಬೆಳಗಿನ ರೈಲನ್ನು. ಎರಡು ವರ್ಷದಿಂದ ಆ ಗಾಡಿ ಬರುವ ಹೊತ್ತಿಗೆ ಇಂದುಶೇಖರ ನಿಲ್ದಾಣದ ಇನ್ನೊಂದು ತುದಿಯಲ್ಲಿ ಇರುತ್ತಾರೆ. ಸೂಪರ್‌ವೈಸರ್ ಕೈಕಾಲು ಹಿಡಿದು ಪಾಳಿ ಪಟ್ಟಿಯಲ್ಲಿ ಹಾಗೆ ಬರೆಸಿಕೊಂಡಿದ್ದಾರೆ. ಏಕೆಂದರೆ ಆ ಗಾಡಿಯಲ್ಲಿ ಇಲ್ಲಿನ ಕನ್ನಡ ಕೂಟದ ಹುಡುಗ ಮಿಥುನ್ ಕೆಲಸಕ್ಕೆ ಬರುತ್ತಾನೆ. ಬರುವ ಭಾನುವಾರ ಸ್ಟಾಕ್‌ಪೋರ್ಟ್‌ನ ಸಭಾಂಗಣದಲ್ಲಿ ನಮ್ಮ ಕನ್ನಡದವರ ಯುಗಾದಿ ಕ್ಯಾಲೆಂಡರ್ ಬಿಡುಗಡೆ. ಅಲ್ಲಿ ಇದೇ ಮಿಥುನ್ ಇವರನ್ನು ವೇದಿಕೆಗೆ ಕರೆದು, 'ರೈಲ್ವೆ ಅಧಿಕಾರಿ' ಎಂದು ಹೇಳಿ, ಶಾಲು ಹೊದಿಸುವವನಿದ್ದಾನೆ. ಇಂದುಶೇಖರ ಅಧಿಕಾರಿಯಲ್ಲ. ಅದನ್ನು ಭಾನುವಾರಕ್ಕೆ ಮೊದಲು ಅವನ ಮುಖ ನೋಡಿ ಹೇಳಬೇಕೆಂದು, ಇವತ್ತಿನ ಆ ಗಾಡಿಯನ್ನು ತಾವೇ ಕೇಳಿ ಹಾಕಿಸಿಕೊಂಡಿದ್ದಾರೆ.

ಕತೆ ಶುರುವಾಗುವುದು ಒಂದು ಪದದಿಂದ. ಇಂದುಶೇಖರರ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಅವರ ಓಣಿಯಲ್ಲಿ 'ರೈಲ್ವೆದಾಗ ಅದಾನ' ಎಂದರೆ ಸಾಕು, ಹೆಣ್ಣು ಕೊಡುವವರು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. ಮಗನಿಗೆ ಆ ನೌಕರಿ ಸಿಗಲಿಲ್ಲ. ಕಾಲೇಜಿನ ಎದುರು ಝೆರಾಕ್ಸ್ ಅಂಗಡಿ ಹಾಕಿದರು. ಹೆಂಡತಿ ಅಂಬುಜಾ ನರ್ಸ್. ಆಕೆಗೆ ಮ್ಯಾಂಚೆಸ್ಟರ್‌ನ ಆಸ್ಪತ್ರೆಯೊಂದರಲ್ಲಿ ಕೆಲಸವಾದಾಗ ಅಂಗಡಿ ಮಾರಿ ಹಿಂದೆಯೇ ಬಂದರು. ಒಂದಷ್ಟು ದಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರು, ಸೊಂಟ ಹಿಡಿಯಿತು. ಆಮೇಲೆ ಗುತ್ತಿಗೆದಾರರೊಬ್ಬರ ಕೈಕೆಳಗೆ ಈ ಕೆಲಸ.

ಮೊದಲ ದೀಪಾವಳಿ ಕೂಟದಲ್ಲಿ ಡಿಡ್ಸ್‌ಬರಿಯ ಡಾಕ್ಟರರೊಬ್ಬರು ತಟ್ಟೆ ಹಿಡಿದುಕೊಂಡೇ ಕೇಳಿದರಂತೆ, "ನೀವು ಏನ್ ಮಾಡ್ಕೊಂಡಿದೀರಿ?" ಇವರು "ರೈಲ್ವೆದಾಗ ಅದೀನ್ರಿ" ಎಂದರು. ಡಾಕ್ಟರರು, "ಓ...! ರೈಲ್ವೆ!" ಎಂದರು.

"ನಾ ಅಂದಿದ್ದು ಸುಳ್ಳಲ್ರಿ," ಎನ್ನುತ್ತಾರೆ ಇಂದುಶೇಖರ. "ರೈಲ್ವೆದಾಗ ಇದ್ದದ್ದು ಖರೇನ. ಆದ್ರ ಅವರು 'ಓ' ಅಂತ ಎಳದ್ರಲ್ಲ, ಆವಾಗ ಸುಮ್ಮನಾದೆ ನೋಡ್ರಿ. ಸುಳ್ಳು ಅಲ್ಲಿಂದ."

ಆ 'ಓ' ಬೆಳೆಯಿತು. ಕೂಟಗಳಲ್ಲಿ ಇವರು ಹುಬ್ಬಳ್ಳಿ ಮಾತು ಬಿಟ್ಟು ಬೆಂಗಳೂರಿನ ಕನ್ನಡ ಹಿಡಿದರು. ಲೀಡ್ಸ್ ರೈಲು ರದ್ದಾದರೆ ಜನ ಇವರನ್ನು ಹಿಡಿದು ಕೇಳುತ್ತಿದ್ದರು: "ಏನ್ ಸರ್, ನಿಮ್ಮ ಟ್ರೈನು ಮತ್ತೆ ಕೈ ಕೊಡ್ತಲ್ಲ!" ಇವರು "ನೋಡೋಣ, ಮೇಲಿನವರಿಗೆ ಹೇಳ್ತೀನಿ" ಎನ್ನುತ್ತಿದ್ದರು. ಯಾರದೋ ಅತ್ತೆಗೆ ಯಾರ್ಕ್ ನೋಡಲು ರಿಯಾಯಿತಿ ಟಿಕೆಟ್ ಬೇಕಿತ್ತು. ಇವರು ಕೈಯಿಂದ ದುಡ್ಡು ಹಾಕಿ ಕೊಡಿಸಿದರು.

"ನಾ ಬೆಡ್‌ಪ್ಯಾನ್ ಎತ್ತೂದು ಊರಿಗೆಲ್ಲ ಗೊತ್ತೈತಿ," ಎನ್ನುತ್ತಾರೆ ಅಂಬುಜಾ. "ನನ್ನ ಮರ್ಯಾದಿ ಏನೂ ಕಡಿಮಿ ಆಗಿಲ್ಲ. ಈ ಮನಷ್ಯಾಗ ಒಂದು ಕಸದ ಚೀಲ ಭಾರ ಆಗೇತಿ."

ಈ ಅಂಕಣದ ಹೆಸರು 'ಎಲೆಮರೆಯ ಕಾಯಿ' ಎಂದು ಹೇಳಿದಾಗ ಇಂದುಶೇಖರ ಬಹಳ ಹೊತ್ತು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಮರೀಗೆ ಇದ್ದದ್ದು ಖರೆ. ಆದ್ರ ಎಲಿ ಹಿಡ್ಕೊಂಡಾಂವ ನಾನ ಅದೀನಲ್ರಿ," ಎಂದರು.

ಮಿಥುನ್ ಮೈಸೂರಿನ ಹುಡುಗ, ಸಾಫ್ಟ್‌ವೇರ್ ಕೆಲಸ, ರೈಲು ಫೋಟೋಗಳ ಹುಚ್ಚು. ಕೊವೆಂಟ್ರಿಯ ಒಂದಿಬ್ಬರು ಎಂಜಿನಿಯರುಗಳನ್ನೂ ಸೇರಿಸಿಕೊಂಡು ವರ್ಷಕ್ಕೊಂದು ಸಣ್ಣ ದೇಶ ಆರಿಸಿ, ಅದರ ರೈಲುಗಳನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದು ತರುತ್ತಾನೆ. ಕಳೆದ ಶರತ್ಕಾಲದಲ್ಲಿ ಲಕ್ಸೆಂಬರ್ಗ್. ಅಲ್ಲಿ ಸಾಮಾನ್ಯ ದರ್ಜೆಯ ರೈಲಿಗೆ ಟಿಕೆಟ್ಟೇ ಬೇಡ, ಹತ್ತಿ ಕೂತರಾಯಿತು. "ಸರ್, ನೀವು ಬರ್ಲೇಬೇಕು. ನೀವಿದ್ರೆ ಅಲ್ಲಿಯ ರೈಲ್ವೆಯವರು ನಮ್ಮನ್ನ ಓಡಿಸಲ್ಲ" ಎಂದು ಇಂದುಶೇಖರರನ್ನೂ ಎಳೆದುಕೊಂಡು ಹೋದ.

ಆ ಪ್ರವಾಸದ ಮಾತು ಬಂದರೆ ಇವರ ಕಣ್ಣು ಮೊದಲು ಅರಳುತ್ತದೆ. ಕಣಿವೆಗಳ ಮೇಲಿನ ಕಲ್ಲಿನ ಸೇತುವೆ, ಸುರಂಗದಿಂದ ಹೊರಬೀಳುವ ಕೆಂಪು ಗಾಡಿ, ಕೋಟೆಯ ಕೆಳಗೆ ಪುಟ್ಟ ನಿಲ್ದಾಣ. ಇವರು ಟ್ರೈಪಾಡ್ ಹಿಡಿದುಕೊಂಡರು, ಅಂಬುಜಾ ಕಟ್ಟಿಕೊಟ್ಟ ರೊಟ್ಟಿ ಹಂಚಿದರು. ಕೊರಳಲ್ಲಿ ಕೆಲಸದ ಗುರುತಿನ ಚೀಟಿ ಇತ್ತು, ಹೆಸರು ಹುದ್ದೆ ಕಾಣದಂತೆ ತಿರುವಿ ಹಾಕಿದ್ದು. "ಮೊದಲನೇ ದಿನ ಎಲ್ಲಿ ಕೂತ್ರೂ ಸೀಟಿನ ಕೆಳಗ ಕಣ್ಣು ಹೋಗ್ತಿತ್ರಿ. ಎರಡನೇ ದಿನ ಬಿಟ್ಟೆ. ಮೂರನೇ ದಿನಕ್ಕ ನಾ ಖರೇನ ಸಾಹೇಬ ಆಗಿಬಿಟ್ಟಿದ್ದೆ."

ಮೂರನೆಯ ದಿನ ಸಂಜೆ ಅವರು ವಿಲ್ಟ್ಜ್ ಎಂಬಲ್ಲಿದ್ದರು. ಕವಲು ಹಳಿ ಮುಗಿಯುವ ಕೊನೆಯ ನಿಲ್ದಾಣ. ನಿಂತ ಗಾಡಿಯ ಮೇಲೆ ಬಿಸಿಲು ಓರೆಯಾಗಿ ಬಿದ್ದಿತ್ತು. ಮಿಥುನ್ ಪ್ಲಾಟ್‌ಫಾರ್ಮಿನ ಮೇಲೆ ಬೋರಲು ಮಲಗಿ ಕ್ಯಾಮೆರಾ ಹಿಡಿದಿದ್ದ. ಗಾಡಿಯ ಪಕ್ಕ ಒಬ್ಬ ಹೆಂಗಸು ಉದ್ದ ಕೋಲಿನ ಕುಂಚದಿಂದ ಕಿಟಕಿ ಒರೆಸುತ್ತಿದ್ದಳು. ಒಂದು ಗಾಜು ಅರ್ಧ ಆಗಿತ್ತು.

"ಸರ್, ಬೆಳಕು ಹೋಗ್ತಿದೆ," ಎಂದ ಮಿಥುನ್. "ಆ ಯಮ್ಮನ್ನ ಸ್ವಲ್ಪ ಸರಿಸ್ತೀರಾ?"

ಇಂದುಶೇಖರ ಹೋದರು. ಕೊರಳಿನ ಚೀಟಿಯನ್ನು ಎತ್ತಿ ತೋರಿಸಿದರು, ಅದರ ಖಾಲಿ ಹಿಂಬದಿಯನ್ನು. ಮಾತಾಡಲಿಲ್ಲ. ಕೈ ಬೀಸಿದರು. ಹೇಗೆ ಬೀಸಿದರು ಎಂದು ಪಿಕಡಿಲಿಯಲ್ಲಿ ಮಾಡಿ ತೋರಿಸುತ್ತಾರೆ: ಅಂಗಳಕ್ಕೆ ಬಂದ ಕೋಳಿಯನ್ನು ಓಡಿಸುವ ಹಾಗೆ, ಹೊರಮುಖವಾಗಿ, ಬೆರಳಿನ ತುದಿಯಿಂದ. ಆ ಹೆಂಗಸು ಬಕೆಟ್ಟು ಎತ್ತಿಕೊಂಡು, ತಲೆ ತಗ್ಗಿಸಿ, ಏನೋ ಒಂದು ಪದ ಅಂದು ಕಂಬದ ಹಿಂದೆ ಹೋಗಿ ನಿಂತಳು. ಮಿಥುನ್ ಫೋಟೋ ಹೊಡೆದ.

"ಆಕಿ ಬೈದ್ಳು ಅಂತ ತಿಳಕೊಂಡಿದ್ದೆ. ಬೈಲಿ ಬಿಡು, ಬೈಸ್ಕೊಳೂ ಕೆಲಸಾನ ಮಾಡೇನಿ ಅಂತ ಸಮಾಧಾನ ಆಗಿತ್ತು. ಆ ಪದ ಮಾತ್ರ ಕಿವ್ಯಾಗ ಉಳೀತು."

ಮ್ಯಾಂಚೆಸ್ಟರ್‌ಗೆ ಬಂದ ಮೇಲೆ, ಊಟದ ವಿರಾಮದಲ್ಲಿ, ತಮಾಷೆಗೆಂಬಂತೆ ಕಾಯ್ತಾನ್ ಮುಂದೆ ಅದನ್ನು ಅಂದರು. "ದೆಶ್‌ಕುಲ್ಪ್ ಅಂದ್ರ ಯಾವ ಬೈಗಳಾನೋ?" ಅದು ಪೋರ್ಚುಗೀಸ್ ಮಾತು; ಲಕ್ಸೆಂಬರ್ಗ್‌ಗೆ ದುಡಿಯಲು ಬಂದ ಪೋರ್ಚುಗೀಸರು ಬಹಳ. ಕಾಯ್ತಾನ್ ಬಳಿಯೂ, ಗೋವಾದ ಹಲವರಂತೆ, ಪೋರ್ಚುಗೀಸ್ ಪಾಸ್‌ಪೋರ್ಟ್ ಇದೆ. "ಪಾಸ್‌ಪೋರ್ಟ್ ಮಾತ್ರ ಪೋರ್ಚುಗೀಸು ಮಾರಾಯ, ಬಾಯಿ ಕೊಂಕಣಿ" ಎಂದು ಅವರೇ ಹೇಳಿಕೊಳ್ಳುತ್ತಾರೆ. ಆದರೂ ಈ ಒಂದು ಪದ ಅವರಿಗೆ ಗೊತ್ತಿತ್ತು. ಇಗರ್ಜಿಯಲ್ಲಿ ಯಾರ ಕಾಲಾದರೂ ತುಳಿದರೆ ಅವರ ಅಜ್ಜಿ ಹೇಳುತ್ತಿದ್ದ ಪದ.

"ಬೈಗುಳ ಅಲ್ಲ ಅದು," ಎಂದರು ಕಾಯ್ತಾನ್. "ಸಾರಿ ಅಂತ. ಯಾರು ನಿನಗೆ ಸಾರಿ ಹೇಳಿದ್ದು?"

ಅಂದು ಡಬ್ಬಿಯ ಊಟ ಹಾಗೇ ಮನೆಗೆ ವಾಪಸಾಯಿತು ಎಂದು ಅಂಬುಜಾ ನೆನೆಯುತ್ತಾರೆ. ಇಂದುಶೇಖರ ಇಷ್ಟೇ ಹೇಳುತ್ತಾರೆ: "ದಿನಾ ನೂರು ಸಲ ನಾ ಅನ್ನೂ ಮಾತ್ರಿ ಅದು. ನನಗ ಅನಸ್ಕೊಳ್ಳೂ ಹಂಗ ಮಾಡ್ಕೊಂಡೆ. ಬೈದಿದ್ರ ಭೇಷಿತ್ತು."

ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿದೆ. ಕ್ಯಾಲೆಂಡರಿನ ಮೊದಲ ಪುಟಕ್ಕೆ ಅದೇ ಆಯ್ಕೆಯಾಗಿದೆ. ನಿರ್ಜನ ನಿಲ್ದಾಣ, ಕೆಂಪು ಗಾಡಿ, ಸಾಲು ಕಿಟಕಿಗಳಲ್ಲಿ ಒಂದು ಮಾತ್ರ ಅರ್ಧ ಒದ್ದೆಯಾಗಿ ಬಿಸಿಲಿಗೆ ಬಂಗಾರದಂತೆ ಹೊಳೆಯುತ್ತಿದೆ. ನೋಡಿದವರೆಲ್ಲ ಆ ಕಿಟಕಿಯನ್ನೇ ಹೊಗಳುತ್ತಾರೆ, ಎಂಥ ಬೆಳಕು ಅಂತ. ಕೆಳಗೆ ಅಚ್ಚಾಗಿದೆ: 'ನೆರವು: ರೈಲ್ವೆ ಅಧಿಕಾರಿ ಶ್ರೀ ಇಂದುಶೇಖರ'.

ಈಗ ಸ್ಟಾಕ್‌ಪೋರ್ಟ್ ಮೇಲಿನ ಗಾಡಿ ಬಂದು ನಿಲ್ಲುತ್ತದೆ. ಚಾವಣಿಯ ಮೇಲೆ ಬೆಳಕು ಮೂಡಿದೆ. ಇಂದುಶೇಖರ ಟೋಪಿ ತೆಗೆದು ಕಾಯ್ತಾನ್ ಕೈಗೆ ಕೊಡುತ್ತಾರೆ. ಖಾಲಿ ಕಾಫಿ ಲೋಟ ಹಿಡಿದು ಇಳಿದ ಮಿಥುನ್ ಇವರನ್ನು ನೋಡಿದವನೇ ಮುಖವರಳಿಸುತ್ತಾನೆ.

"ಅರೆ ಸರ್! ಏನಿದು, ಇನ್‌ಸ್ಪೆಕ್ಷನ್ನಾ? ನಿಮಗೂ ಜಾಕೆಟ್ ಹಾಕ್ಸಿದಾರಲ್ಲ!"

ಎದುರಿಗೆ ಚೀಲವಿದೆ, ಸ್ಪ್ರೇ ಇದೆ. ಆದರೂ ಅವನಿಗೆ ಕಂಡದ್ದು ಅಧಿಕಾರಿಯೇ. ಹೌದು ಎಂದು ತಲೆಯಾಡಿಸಿದ್ದರೆ ಇನ್ನೊಂದು ವರ್ಷ ಸಾಗುತ್ತಿತ್ತು. ಇಂದುಶೇಖರರ ಬಾಯಿಂದ ಹುಬ್ಬಳ್ಳಿ ಮಾತೇ ಬರುತ್ತದೆ.

"ಇಲ್ಲಪಾ ತಮ್ಮಾ. ನಾ ಅಧಿಕಾರಿ ಅಲ್ಲ. ಕಸಾ ತಗಿಯಾಂವ. ಮೊದಲಿಂದೂ ಅದ."

ಮಿಥುನ್ ನಗುತ್ತಾನೆ. ನಗು ಅರ್ಧಕ್ಕೆ ನಿಲ್ಲುತ್ತದೆ. "ಮತ್ತೆ... ಲಕ್ಸೆಂಬರ್ಗ್‌ನಲ್ಲಿ, ಕಾರ್ಡು..."

"ತಿರುವಿ ಹಾಕ್ಕೊಂಡಿದ್ದೆ. ಆ ಹೆಣ್ಣಮಗಳು ಅವತ್ತ ಸಾರಿ ಅಂದಿದ್ಲು, ಮಿಥುನ್. ಆಮ್ಯಾಲ ಗೊತ್ತಾತು. ಆಕಿ ಒರಸ್ತಿದ್ದ ಕಿಟಕಿನ ನಿಮ್ಮ ಕ್ಯಾಲೆಂಡರಿನ್ಯಾಗ ಹೊಳ್ಯಾಕತ್ತೈತಿ."

ಜನ ಅವರಿಬ್ಬರನ್ನು ಬಳಸಿಕೊಂಡು ಹರಿದುಹೋಗುತ್ತಾರೆ. ಮಿಥುನ್ ನೆಲ ನೋಡುತ್ತಾನೆ. "ಸರಿಸಿ ಅಂದಿದ್ದು ನಾನಲ್ವಾ ಸರ್."

"ಅಂದಾಂವ ನೀನು. ಕೈ ನಂದು."

ರೂಢಿಯ ಬಲದಿಂದ ಇಂದುಶೇಖರರ ಕೈ ಚೀಲದ ಬಾಯಿಯನ್ನು ಅವನತ್ತ ಅಗಲಿಸುತ್ತದೆ. ಮಿಥುನ್ ತನ್ನ ಲೋಟವನ್ನು ನೋಡುತ್ತಾನೆ, ಚೀಲವನ್ನು ನೋಡುತ್ತಾನೆ. ಹಾಕುವುದಿಲ್ಲ. "ಸಂಜೆ ಫೋನ್ ಮಾಡ್ತೀನಿ ಸರ್" ಎಂದು, ಕಿವಿಯವರೆಗೆ ಕೆಂಪಾಗಿ, ಖಾಲಿ ಲೋಟ ಹಿಡಿದುಕೊಂಡೇ ಗೇಟು ದಾಟುತ್ತಾನೆ. "ಇನ್ನೂ ಸರ್ ಅಂತಾನಲ್ಲೋ!" ಎಂದು ಕಾಯ್ತಾನ್ ಕೂಗುತ್ತಾರೆ. ಇಂದುಶೇಖರ ಆಗಲೇ ಬೋಗಿಯೊಳಗಿದ್ದಾರೆ. ಗಾಡಿ ಹೊರಡಬೇಕು.

ಸಂಜೆ ಫೋನು ಬರುವುದಿಲ್ಲ. ಗಾರ್ಟನ್‌ನ ಅವರ ಬಾಡಿಗೆ ಮನೆಯಲ್ಲಿ ಚಹಾ ಆರುವ ಹೊತ್ತಿಗೆ ಒಂದು ಚಿತ್ರ ಬರುತ್ತದೆ. ಆ ಪ್ರಸಿದ್ಧ ಫೋಟೋಗೆ ಕೆಲವೇ ಕ್ಷಣ ಮುಂಚಿನದು, ಕ್ಯಾಮೆರಾದಲ್ಲೇ ಉಳಿದಿದ್ದದ್ದು. ನೀಲಿ ತಲೆವಸ್ತ್ರದ ಹೆಂಗಸು ಕುಂಚ ಎತ್ತಿ ಹಿಡಿದು ಹಿಂತಿರುಗಿ ನೋಡುತ್ತಿದ್ದಾಳೆ. ಅಂಚಿನಲ್ಲಿ ಒಂದು ಕೈ, ಬೀಸಿದ್ದು. ಕೆಳಗೆ ಮಿಥುನ್ ಬರೆದಿದ್ದಾನೆ: 'ಅಧಿಕಾರಿ ಅನ್ನೋದರ ಮೇಲೆ ಸ್ಟಿಕರ್ ಅಂಟಿಸ್ತಾ ಇದೀನಿ ಸರ್. ಭಾನುವಾರ ಏನು ಹೇಳಬೇಕೋ ನನಗೆ ಗೊತ್ತಾಗ್ತಿಲ್ಲ. ನೀವು ಬನ್ನಿ.'

"ಶಾಲು ಬ್ಯಾಡ ಅಂತ ಬರಿ," ಎನ್ನುತ್ತಾರೆ ಇಂದುಶೇಖರ, ಫೋನನ್ನು ಹೆಂಡತಿಗೆ ಕೊಟ್ಟು.

"ಊಟಕ್ಕ ಬರ್ತೀವಿ ಅಂತನೂ ಬರೀತೀನಿ," ಎನ್ನುತ್ತಾರೆ ಅಂಬುಜಾ. "ಹೋಳಿಗಿ ಐತಂತ."

ಈ ಲೇಖನದೊಂದಿಗೆ ಆ ಚಿತ್ರ ಹಾಕಬಹುದೇ ಎಂದು ಕೇಳಿದೆ. ಇಂದುಶೇಖರ ತಕ್ಷಣ ಬೇಡವೆಂದರು. "ಅವತ್ತ ಆಕಿನ್ನ ಕೇಳದ ಸರಿಸಿದ್ವಿ. ಇವತ್ತ ಕೇಳದ ಛಾಪಸೂದೇನ್ರಿ?" ಹಾಗಾಗಿ ಇಲ್ಲಿ ನೀವು ನೋಡುತ್ತಿರುವುದು ಅವರೊಬ್ಬರದೇ ಫೋಟೋ, ಜಾಕೆಟ್ಟಿನಲ್ಲಿ. ಕೊರಳ ಚೀಟಿಯ ಮೇಲಿನ ಅಕ್ಷರ ಓದಲು ಬರುವಂತೆ ಅವರೇ ತಿರುಗಿಸಿ ಹಿಡಿದುಕೊಂಡರು. ಕಣ್ಣು ಮಾತ್ರ ಕ್ಯಾಮೆರಾ ನೋಡಲಿಲ್ಲ.

ಅವರಿಗೆ ಆಸೆ ಒಂದಿದೆ. ರಜೆ ಸಿಕ್ಕ ಮೇಲೆ, ಈ ಸಲ ಗುಂಪಿಲ್ಲದೆ, ಆ ಚಿತ್ರದ ಪ್ರತಿ ತೆಗೆದುಕೊಂಡು ವಿಲ್ಟ್ಜ್‌ಗೆ ಹೋಗಬೇಕು. ಕಾಯ್ತಾನ್ ದಿನವೂ ಊಟದ ಹೊತ್ತಿಗೆ ಆ ಒಂದು ಪದ ಬಾಯಿಪಾಠ ಮಾಡಿಸುತ್ತಿದ್ದಾರೆ. ಆಕೆಯ ಹೆಸರು ಗೊತ್ತಿಲ್ಲ, ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಸಿಗದಿದ್ದರೆ?

"ಕೂಡ್ತೀನ್ರಿ ಅಲ್ಲೇ. ಗಾಡಿ ಬರ್ತಾವ, ನಿಲ್ತಾವ, ಕಿಟಕಿ ಹೊಲಸ ಆಗಿರ್ತಾವ," ಎನ್ನುತ್ತಾರೆ ಇಂದುಶೇಖರ. "ಒರಸಾಕ ಯಾರರ ಒಬ್ಬರು ಬಂದ ಬರ್ತಾರ. ಅದಷ್ಟು ನನಗ ಗೊತ್ತೈತಿ."