ಆ ಸಹಿ ನಮ್ಮ ಮನೆಯವರದ್ದಲ್ಲ

ನನ್ನ ಗಂಡ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಹೇಳಿಕೊಟ್ಟರು. ಅವರು ಹೋಗಿ ನಲವತ್ತು ದಿನ ಆಯಿತು. ಶಾಲೆಯವರು ನೆನಪಿನ ಪುಸ್ತಕ ಮಾಡುತ್ತಾರಂತೆ, ನಾಲ್ಕು ಮಾತು ಬರೆದುಕೊಡಿ ಅಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬಂದ ಹಾಗೆ ಬರೆಯುತ್ತೇನೆ.

ಜೀವಿಗಳು ಬದಲಾಗುತ್ತ ಬದಲಾಗುತ್ತ ಬಂದವು ಅನ್ನೋ ಪಾಠ ಹತ್ತನೇ ಕ್ಲಾಸಿಗಿತ್ತು. ಅದು ಬಂತೆಂದರೆ ಕೋಳಿ ರೆಕ್ಕೆ ತಂದು, ಬೇಯಿಸಿ, ಮೂಳೆ ಬಿಡಿಸಿ ಕಿಟಕಿಯಲ್ಲಿ ಒಣಗಿಸುತ್ತಿದ್ದರು. ಅದೂ ನನ್ನ ಪಾತ್ರೆಯಲ್ಲಿ. ಮಕ್ಕಳು ಆ ಮೂಳೆ ಮುಟ್ಟಿ, ಆಮೇಲೆ ತಮ್ಮ ತೋಳು ಮುಟ್ಟಿ ನೋಡಬೇಕು. ಮೇಲೆ ಒಂದು ಮೂಳೆ, ಕೆಳಗೆ ಎರಡು. ರೆಕ್ಕೆಗೂ ತೋಳಿಗೂ ಹಾಗೇ.

"ನಿಮ್ಮಜ್ಜ ಮಂಗ ಆಗಿದ್ರೆ ಆಗಿರ್ಲಿ, ನಮ್ಮಜ್ಜನ ಸುದ್ದಿಗೆ ಬರಬೇಡಿ" ಅಂತಿದ್ದೆ.

"ಮಂಗ ಅಜ್ಜ ಅಲ್ಲ ಕಣೇ, ದಾಯಾದಿ."

"ಅದಕ್ಕೇ ನಿಮ್ಮನ್ನ ಕಂಡ್ರೆ ಹಲ್ಲು ಕಿರಿಯೋದು."

ಅವರೂ ದಿನಾ ಪ್ರಾರ್ಥನೆ ಮಾಡಿಯೇ ಊಟಕ್ಕೆ ಕೂರುತ್ತಿದ್ದರು. ಅವರೊಳಗೆ ದೇವರಿಗೂ ಆ ಪಾಠಕ್ಕೂ ಜಗಳ ಇರಲಿಲ್ಲ.

ಒಂದು ವರ್ಷ ಮಕ್ಕಳ ಅಪ್ಪಂದಿರು ಗುಂಪಾಗಿ ಶಾಲೆಗೆ ಬಂದರು. ದೇವರು ಮನುಷ್ಯನನ್ನು ಮನುಷ್ಯನಾಗಿಯೇ ಮಾಡಿದ, ಆ ಪಾಠ ಬೇಡ ಅಂದರು. ಹೆಡ್‌ಮೇಷ್ಟ್ರು ಇವರ ಹೆಸರಲ್ಲಿ ಒಂದು ಪತ್ರ ಬರೆಸಿದರು. ಈ ಪಾಠ ಮಾಡುವುದಿಲ್ಲ, ಇದು ನಿಜವೆಂದು ನನಗೂ ನಂಬಿಕೆಯಿಲ್ಲ, ಅಂತ.

ಇವರು ಸಹಿ ಹಾಕಲಿಲ್ಲ. "ಪಾಠ ಬಿಡು ಅಂದ್ರೆ ಬಿಟ್ಟೇನು. ನಂಬಿಕೆ ಇಲ್ಲ ಅಂತ ಹೇಗೆ ಬರೀಲಿ?" ಅಂದರು.

ಬೀದಿಯಲ್ಲಿ ಹೆಂಗಸರು ನನ್ನ ಕಂಡರೆ ಮಾತು ನಿಲ್ಲಿಸುತ್ತಿದ್ದರು. ಸ್ವಂತ ತಂಗಿ ಮನೆಗೆ ಬರುವುದು ಬಿಟ್ಟಳು. ಅಷ್ಟರಲ್ಲಿ ಒಂದು ಮಧ್ಯಾಹ್ನ ಶಾಲೆಯ ಗುಮಾಸ್ತ ಆ ಪತ್ರ ಹಿಡಿದು ಮನೆಗೆ ಬಂದ. ಇವರು ಬೇರೆ ಶಾಲೆಗೆ ಪರೀಕ್ಷೆ ಕೆಲಸಕ್ಕೆ ಹೋಗಿದ್ದರು. "ಇವತ್ತೇ ಕೊನೆ ದಿನ, ಅಕ್ಕಾ. ಸಹಿ ಇಲ್ಲದಿದ್ರೆ ನಾಳೆ ಸಸ್ಪೆಂಡ್" ಅಂದ.

ಪೋಸ್ಟಿನವನು ರಿಜಿಸ್ಟರ್ ಕಾಗದ ತಂದಾಗೆಲ್ಲ ಇವರ ಸಹಿ ನಾನೇ ಹಾಕುತ್ತಿದ್ದೆ. ಅವರೇ ಕಲಿಸಿದ್ದು. ಹಾಗೇ ಇದಕ್ಕೂ ಹಾಕಿಬಿಟ್ಟೆ.

ಮಾರನೇ ದಿನ ಇವರು ಶಾಲೆಯಿಂದ ಬಂದು ಅಂಗಿ ಬಿಚ್ಚಿ ಮೊಳೆಗೆ ಹಾಕಿದರು. "ಪತ್ರ ತೋರಿಸಿದ್ರು. ನಂದೇ ಸಹಿ ಅಂದೆ."

"ಅಲ್ಲ ಅನ್ನಬಾರದಿತ್ತಾ ರೀ?"

"ಅಂದಿದ್ರೆ ನಿನ್ನ ಸ್ಟೇಷನ್ನಿಗೆ ಎಳೀತಿದ್ರು. ಊಟಕ್ಕಿಡು."

ಅಷ್ಟೇ. ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿವೃತ್ತಿಗೆ ಇನ್ನೂ ಮೂರು ವರ್ಷ ಇತ್ತು. ಆ ಪಾಠ ಬಂದಾಗ ಮಕ್ಕಳಿಗೆ "ನೀವೇ ಓದಿಕೊಳ್ಳಿ" ಅಂದು ಕಿಟಕಿ ಕಡೆ ತಿರುಗಿ ನಿಲ್ಲುತ್ತಿದ್ದರಂತೆ.

ಮೊನ್ನೆ ಸಂತಾಪ ಸಭೆಯಲ್ಲಿ ಅವರ ಶಿಷ್ಯೆಯೊಬ್ಬಳು ಮಾತಾಡಿದಳು. ಈಗ ಅವಳೂ ಟೀಚರು. "ನಮ್ಮ ಮೇಷ್ಟ್ರು ಯಾರಿಗೂ ಬಗ್ಗಿದವರಲ್ಲ. ಆ ಪತ್ರ ಒಂದರಲ್ಲಿ ಮಾತ್ರ..." ಅಂದು ನಿಲ್ಲಿಸಿದಳು. ಎಲ್ಲರೂ ತಲೆ ತಗ್ಗಿಸಿದರು. ನಾನು ಮುಂದಿನ ಸಾಲಲ್ಲೇ ಕೂತಿದ್ದೆ.

ಸಭೆಯಲ್ಲಿ ಮಾತಾಡಿದ ಮಗಳೇ, ಅವರು ಬಗ್ಗಲಿಲ್ಲ. ಹೆದರಿದವಳು ನಾನು. ಆ ಪಾಠ ನಿಜ ಅಂತಲೇ ನಂಬಿ ಸತ್ತರು. ಪುಸ್ತಕದಲ್ಲಿ ಇದನ್ನು ಹಾಕಿ. ಇದೊಂದು ಹಾಕದಿದ್ದರೆ ನನ್ನ ಬೇರೆ ಮಾತೂ ಬೇಡ.